ಟ್ಯೂಬಿಂಗೆನ್ ಊರನ್ನು ಓದುವುದು ಹೇಗೆ

ಜರ್ಮನಿಗೆ ಬಂದ ನಮ್ಮವರು ಬರ್ಲಿನ್ ನೋಡುತ್ತಾರೆ, ಮ್ಯೂನಿಕ್ ನೋಡುತ್ತಾರೆ, ಕಲೋನ್ ನಗರದ ದೊಡ್ಡ ಚರ್ಚಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಲಸದ ಮೇಲೆ ಸ್ಟಟ್‌ಗಾರ್ಟಿಗೆ ಬಂದವರು ಕಾರುಗಳ ಮ್ಯೂಸಿಯಂ ನೋಡಿಕೊಂಡು ಹೊರಟುಬಿಡುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ ಟ್ಯೂಬಿಂಗೆನ್. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬನ್ನಿ ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ. ಹೋಗಿ ಬಂದವರಲ್ಲಿ ಕೆಲವರು, "ಊರೇನೋ ಚೆನ್ನಾಗಿದೆ, ಆದರೆ ಅಲ್ಲಿ ನೋಡುವಂಥದ್ದು ಏನಿದೆ?" ಎಂದು ಕೇಳುತ್ತಾರೆ.

ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಆಕಾಶಕ್ಕೆ ಮುಟ್ಟುವ ಗೋಪುರ ಅಲ್ಲಿಲ್ಲ, ಕಣ್ಣು ಕೋರೈಸುವ ಅರಮನೆಯೂ ಇಲ್ಲ. ಇಳಿಜಾರಿನಲ್ಲಿ ಒತ್ತೊತ್ತಾಗಿ ನಿಂತ ಹಳೆಯ ಮನೆಗಳು, ಕಲ್ಲು ಹಾಸಿದ ಓಣಿಗಳು, ಒಂದು ಚರ್ಚು, ಗುಡ್ಡದ ಮೇಲೊಂದು ಕೋಟೆ, ಕೆಳಗೆ ನಿಧಾನಕ್ಕೆ ಹರಿಯುವ ನದಿ. ಅರ್ಧ ದಿನದಲ್ಲಿ ಸುತ್ತಿ ಮುಗಿಸಬಹುದು. ಆದರೆ ಈ ಊರಿನಲ್ಲಿ ನಿಜಕ್ಕೂ ನೋಡಬೇಕಾದದ್ದು ಅದರ ಕೋಣೆಗಳನ್ನು. ಯಾವ ಕೋಣೆಯಲ್ಲಿ ಯಾರು ಕೂತು ಏನು ಮಾಡಿದರು ಎಂಬುದು ತಿಳಿದಿದ್ದರೆ ಒಂದೊಂದು ಕಿಟಕಿಯ ಕೆಳಗೂ ಕಾಲು ನಿಲ್ಲುತ್ತದೆ. ತಿಳಿಯದಿದ್ದರೆ ಬಣ್ಣ ಬಳಿದ ಗೋಡೆಗಳಷ್ಟೇ ಕಂಡಾವು. ಹಾಗಾಗಿ ಹೊರಡುವ ಮೊದಲೇ ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕನ್ನಡಿಗರು ಈ ಊರನ್ನು ನೋಡಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ದಾರಿಯಲ್ಲೇ ಅದನ್ನು ಹೇಳುತ್ತೇನೆ.

ನೆಲ, 1477, 1945

ಈ ಊರು ಹೀಗೇಕಿದೆ ಎಂದು ಅರ್ಥವಾಗಲು ಮೂರು ಸಂಗತಿ ಗೊತ್ತಿರಬೇಕು.

ಮೊದಲನೆಯದು ನೆಲ. ದಕ್ಷಿಣಕ್ಕೆ ನೆಕ್ಕಾರ್ ನದಿ, ಉತ್ತರಕ್ಕೆ ಆಮ್ಮರ್ ಎಂಬ ಸಣ್ಣ ಹೊಳೆ, ಎರಡರ ನಡುವೆ ಒಂದು ದಿಣ್ಣೆ. ದಿಣ್ಣೆಯ ಪಡುವಣ ತುದಿಯಲ್ಲಿ ಕೋಟೆಯಿದೆ. ಕೋಟೆ, ಚರ್ಚು, ವಿಶ್ವವಿದ್ಯಾಲಯ, ಪ್ರೊಫೆಸರರ ಮನೆಗಳು ಎಲ್ಲ ಮೇಲೂರಿನಲ್ಲಿ. ಆಮ್ಮರ್ ಕಡೆಯ ಕೆಳಗೇರಿಯಲ್ಲಿ ದ್ರಾಕ್ಷಿ ಬೆಳೆಯುವವರು, ಚರ್ಮ ಹದ ಮಾಡುವವರು, ದನ ಕಟ್ಟಿಕೊಂಡವರು. ಆ ದ್ರಾಕ್ಷಿ ಬೆಳೆಗಾರರನ್ನು ಊರವರು 'ಗೋಗನ್' ಎಂದು ಕರೆಯುತ್ತಿದ್ದರು. ಅವರ ಒರಟು ಮಾತು, ಚುರುಕು ಉತ್ತರಗಳ ಕತೆಗಳು ಇವತ್ತಿಗೂ ಊರಿನಲ್ಲಿ ಓಡಾಡುತ್ತವೆ. ಮೇಲೂರಿನಿಂದ ಕೆಳಗೇರಿಗೆ ಐದು ನಿಮಿಷ ಇಳಿದರೆ ಮನೆಗಳು ಗಿಡ್ಡವಾಗುತ್ತವೆ, ಓಣಿಗಳು ಕಿರಿದಾಗುತ್ತವೆ. ಪ್ರವಾಸಿಗರಲ್ಲಿ ಹೆಚ್ಚಿನವರು ಮೇಲೂರಿನಿಂದಲೇ ವಾಪಸಾಗುತ್ತಾರೆ. ಕೆಳಗೂ ಇಳಿದು ನೋಡಿ, ಊರಿಗೆ ಎರಡು ಮುಖ ಇರುವುದು ಆಗ ತಿಳಿಯುತ್ತದೆ.

ಎರಡನೆಯದು 1477. ಗಡ್ಡದ ಎಬರ್‌ಹಾರ್ಟ್ ಎಂದೇ ಹೆಸರಾದ, ಈ ಸೀಮೆಯನ್ನು ಆಳುತ್ತಿದ್ದ ವ್ಯುರ್ಟೆಂಬರ್ಗ್ ಮನೆತನದ ದೊರೆ ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ಇಲ್ಲಿ ವಿಶ್ವವಿದ್ಯಾಲಯ ಕಟ್ಟಿದ. ಅದಕ್ಕೂ ಮೊದಲು ಜೆರುಸಲೇಮಿಗೆ ಯಾತ್ರೆ ಹೋಗಿ ಬಂದಿದ್ದ. ಅದರ ನೆನಪಿಗೆ ಖರ್ಜೂರದ ಮರವನ್ನು ತನ್ನ ಲಾಂಛನವಾಗಿ ಇಟ್ಟುಕೊಂಡ. ಜೊತೆಗೆ 'ಅಟೆಂಪ್ಟೊ' ಎಂಬ ಲ್ಯಾಟಿನ್ ಮಾತು, ಅಂದರೆ 'ಧೈರ್ಯ ಮಾಡುತ್ತೇನೆ'. ಆ ಮರ ಇಂದಿಗೂ ವಿಶ್ವವಿದ್ಯಾಲಯದ ಗುರುತು. ಈಗ ಊರಿನ ಜನಸಂಖ್ಯೆ ಸುಮಾರು 90,000, ಅದರ ಮೂರರಲ್ಲಿ ಒಂದು ಪಾಲಿನಷ್ಟು ವಿದ್ಯಾರ್ಥಿಗಳಿದ್ದಾರೆ. ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಅದೇ 1477ರಲ್ಲಿ, ವಿಶ್ವವಿದ್ಯಾಲಯ ಹುಟ್ಟಿದ ಕಾಗದಪತ್ರದಲ್ಲೇ, ಯಹೂದಿಗಳು ಈ ಊರಿನಲ್ಲಿ ವಾಸಿಸಕೂಡದು ಎಂದು ಎಬರ್‌ಹಾರ್ಟ್ ಆಜ್ಞೆ ಮಾಡಿದ. ವಿದ್ಯೆಯ ಬಾಗಿಲು ತೆರೆದ ಕೈಯೇ ಒಂದು ಸಮುದಾಯಕ್ಕೆ ಊರ ಬಾಗಿಲು ಮುಚ್ಚಿತು.

ಮೂರನೆಯದು 1945. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಎಷ್ಟೋ ಊರುಗಳ ಹಳೆಯ ಭಾಗ ಸುಟ್ಟುಹೋಯಿತು. ನಾವು ಇವತ್ತು 'ಹಳೆಯದು' ಎಂದು ನೋಡುವ ಎಷ್ಟೋ ಕಟ್ಟಡಗಳು ಆಮೇಲೆ ಮತ್ತೆ ಕಟ್ಟಿದವು. ಟ್ಯೂಬಿಂಗೆನ್ ಉಳಿದುಕೊಂಡಿತು. ಇಲ್ಲಿ ಬಾಂಬು ಬಿದ್ದದ್ದು ಬಹಳ ಕಡಿಮೆ. 1944ರ ದಾಳಿಯಲ್ಲಿ ನೆಕ್ಕಾರ್ ಸೇತುವೆಯ ಬಳಿಯಿದ್ದ ಕವಿ ಊಲಾಂಡರ ಮನೆ ನಾಶವಾಯಿತು. ಮರುವರ್ಷ ಯುದ್ಧ ಮುಗಿಯುತ್ತಾ ಬಂದಾಗ ಊರಿನ ಆಸ್ಪತ್ರೆಗಳಲ್ಲಿ ಗಾಯಾಳುಗಳು ತುಂಬಿದ್ದರು. ಸೇನೆಯ ವೈದ್ಯಾಧಿಕಾರಿಯಾಗಿದ್ದ ಥಿಯೊಡೋರ್ ಡೋಬ್ಲರ್, ಇದು ಆಸ್ಪತ್ರೆಗಳ ಊರು, ಇಲ್ಲಿ ಕಾದಾಟ ಬೇಡ ಎಂದು ಪಟ್ಟುಹಿಡಿದರು. 1945ರ ಏಪ್ರಿಲ್ 19ರಂದು ಫ್ರೆಂಚ್ ಪಡೆ ಕಾಳಗವಿಲ್ಲದೆ ಊರೊಳಗೆ ಬಂತು. ಅದರಿಂದಾಗಿ ಈಗ ನೀವು ನೋಡುವ ಮನೆಗಳ ತೊಲೆಗಳು ಆ ಕಾಲದ ನಿಜವಾದ ತೊಲೆಗಳೇ.

ತೊಲೆ ಎಂದೆನಲ್ಲ, ಆ ಮನೆಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಮೊದಲು ಓಕ್ ಮರದ ದಪ್ಪ ತೊಲೆಗಳಿಂದ ಪೂರ್ತಿ ಚೌಕಟ್ಟು ನಿಲ್ಲಿಸುತ್ತಿದ್ದರು. ನಡುವಿನ ಖಾಲಿ ಜಾಗಕ್ಕೆ ಕಡ್ಡಿ ಹೆಣೆದು, ಹುಲ್ಲು ಕಲಸಿದ ಮಣ್ಣು ಮೆತ್ತುತ್ತಿದ್ದರು. ನಮ್ಮ ಹಳ್ಳಿಗಳ ತಡಿಕೆ ಗೋಡೆಯ ಉಪಾಯವೇ ಇದು. ಭಾರ ಹೊರುವುದೆಲ್ಲ ಮರ, ಮಣ್ಣು ಬರೀ ಪರದೆ. ಒಂದೊಂದು ಅಂತಸ್ತೂ ಕೆಳಗಿನದಕ್ಕಿಂತ ತುಸು ಮುಂದಕ್ಕೆ ಚಾಚಿಕೊಂಡಿದೆ. ಓಣಿಯಲ್ಲಿ ನಿಂತು ತಲೆಯೆತ್ತಿದರೆ ಎದುರುಬದುರು ಮನೆಗಳ ಸೂರುಗಳ ನಡುವೆ ಒಂದು ಸೀಳು ಆಕಾಶ ಮಾತ್ರ ಕಾಣಿಸುತ್ತದೆ.

ಹಳದಿ ಗೋಪುರದ ಕೋಣೆ

ರೈಲು ಇಳಿದು ಹತ್ತು ನಿಮಿಷ ನಡೆದರೆ ನೆಕ್ಕಾರ್ ಸೇತುವೆ. ಊರಿನ ಪ್ರಸಿದ್ಧ ಚಿತ್ರ ಕಾಣುವುದು ಇಲ್ಲಿಂದಲೇ. ನೀರಿನ ಅಂಚಿಗೆ ಸಾಲಾಗಿ ನಿಂತ ಬಣ್ಣಬಣ್ಣದ ಮನೆಗಳು, ಅವುಗಳ ನಡುವೆ ಚೂಪು ಛಾವಣಿಯ ಹಳದಿ ಗೋಪುರ, ನದಿಯ ನಡುಗಡ್ಡೆಯ ಉದ್ದಕ್ಕೂ ಸುಮಾರು ಇನ್ನೂರು ವರ್ಷದ ಪ್ಲೇನ್ ಮರಗಳ ಸಾಲು. ನೀರಿನಲ್ಲಿ ಉದ್ದನೆಯ ಚಪ್ಪಟೆ ದೋಣಿಗಳು. ಹಿಂದೆ ನಿಂತವರು ಗಳ ಊರಿ ದೂಡುತ್ತಾರೆ, ಥೇಟ್ ನಮ್ಮ ಹೊಳೆ ಅಂಬಿಗರ ಹಾಗೆ. ಬೇಸಿಗೆಯಲ್ಲಿ ಹೋದರೆ ಹತ್ತಿ ಕೂತುಕೊಳ್ಳಿ, ಊರಿನ ಬೆನ್ನು ಹೇಗಿದೆ ಎಂಬುದು ನದಿಯಿಂದಲೇ ಚೆನ್ನಾಗಿ ಕಾಣುವುದು.

ಆ ಹಳದಿ ಗೋಪುರದಲ್ಲಿ ಕವಿ ಫ್ರೀಡ್ರಿಶ್ ಹೋಲ್ಡರ್ಲಿನ್ 36 ವರ್ಷ ಬದುಕಿದ್ದರು. ಹುಟ್ಟಿದ್ದು 1770ರಲ್ಲಿ, ಇದೇ ನೆಕ್ಕಾರ್ ದಂಡೆಯ ಇನ್ನೊಂದು ಊರಿನಲ್ಲಿ. ಜರ್ಮನ್ ಕಾವ್ಯದ ಬಹುದೊಡ್ಡ ಹೆಸರುಗಳಲ್ಲಿ ಅವರದೂ ಒಂದು. ಮೂವತ್ತರ ನಡುವಯಸ್ಸಿಗೆ ಬುದ್ಧಿ ಕದಡಿತು ಎಂದು 1806ರಲ್ಲಿ ಅವರನ್ನು ಇಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಕರೆತಂದರು. ಚಿಕಿತ್ಸೆಯೆಂಬ ಹೆಸರಿನ ಏಳೆಂಟು ತಿಂಗಳು ಕಳೆದ ಮೇಲೆ, ವಾಸಿಯಾಗುವ ಕಾಯಿಲೆಯಲ್ಲ, ಹೆಚ್ಚೆಂದರೆ ಮೂರು ವರ್ಷ ಬದುಕಿಯಾರು ಎಂದು ಹೇಳಿ ಕಳಿಸಿದರು. ಆಗ ಅವರನ್ನು ಮನೆಗೆ ಕರೆದುಕೊಂಡು ಹೋದವರು ಎರ್ನ್‌ಸ್ಟ್ ಜಿಮ್ಮರ್ ಎಂಬ ಮರಗೆಲಸದವರು. ಹೋಲ್ಡರ್ಲಿನ್ ಬರೆದ ಕಾದಂಬರಿಯನ್ನು ಓದಿ ಮೆಚ್ಚಿಕೊಂಡಿದ್ದವರು. ರಕ್ತಸಂಬಂಧ ಇರಲಿಲ್ಲ. ಓದಿದ ಪುಸ್ತಕವೇ ನಂಟು.

ಮೂರು ವರ್ಷ ಎಂದಿದ್ದು ಮೂವತ್ತಾರಾಯಿತು. 1838ರಲ್ಲಿ ಜಿಮ್ಮರ್ ತೀರಿಕೊಂಡ ಮೇಲೆ ಮಗಳು ಲೊಟ್ಟೆ ಅವರನ್ನು ನೋಡಿಕೊಂಡಳು. ಕವಿ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು, ಪಿಯಾನೊ ನುಡಿಸುತ್ತಿದ್ದರು. ನೋಡಲು ಬಂದವರು ಕೇಳಿದರೆ ಒಂದು ಪದ್ಯ ಬರೆದುಕೊಡುತ್ತಿದ್ದರು. ಕಿಟಕಿಯಾಚೆ ಕಾಣುವ ವಸಂತ, ಬೇಸಿಗೆ, ಚಳಿಗಾಲವೇ ಆ ಪದ್ಯಗಳ ವಸ್ತು. ಕೆಳಗೆ ರುಜು ಮಾತ್ರ 'ಸ್ಕಾರ್ಡನೆಲ್ಲಿ' ಎಂಬ ಬೇರೆ ಹೆಸರಿನಲ್ಲಿ. ತಾರೀಖೂ ಬೇರೆಯೇ ಕಾಲದ್ದು. ಒಂದು ಪದ್ಯಕ್ಕೆ 1648 ಎಂದು ಹಾಕಿದರೆ ಮತ್ತೊಂದಕ್ಕೆ 1940. 1843ರ ಜೂನ್ 7ರಂದು ಅದೇ ಮನೆಯಲ್ಲಿ ಕಣ್ಣುಮುಚ್ಚಿದರು.

ಗೋಪುರ ಈಗ ವಸ್ತುಸಂಗ್ರಹಾಲಯ. ಮೂಲ ಗೋಪುರ 1875ರಲ್ಲಿ ಬೆಂಕಿಗೆ ಸಿಕ್ಕಿತ್ತು, ಈಗಿರುವುದು ಆಮೇಲೆ ಕಟ್ಟಿದ್ದು. ಆದರೂ ಕಿಟಕಿಗಳು ನದಿಯ ಮೇಲೇ ತೆರೆಯುತ್ತವೆ. ಅಲ್ಲಿ ಗೋಡೆಯ ಮೇಲಿರುವುದನ್ನು ಓದಿ ಮುಗಿಸಿದ ಮೇಲೆ ಐದು ನಿಮಿಷ ಸುಮ್ಮನೆ ಕಿಟಕಿಯ ಬಳಿ ನಿಲ್ಲಿ. ನೀರು, ಮರದ ಸಾಲು, ಆಚೆಯ ಗುಡ್ಡ. ಒಬ್ಬ ಮನುಷ್ಯ ಮೂವತ್ತಾರು ವರ್ಷ ನೋಡಿದ್ದು ಇಷ್ಟನ್ನೇ. ನನಗಂತೂ ಟ್ಯೂಬಿಂಗೆನ್ನಿನ ಎಲ್ಲ ಜಾಗಗಳಲ್ಲಿ ಇದೇ ಹೆಚ್ಚು.

ಗೋಪುರದಿಂದ ಮೇಲಕ್ಕೆ ಹತ್ತಿದರೆ ಸಿಗುವ ಉದ್ದನೆಯ ಕಟ್ಟಡ 'ಬುರ್ಸೆ'. 1478ರಿಂದ 1480ರ ನಡುವೆ ವಿದ್ಯಾರ್ಥಿಗಳ ವಸತಿಗೆಂದು ಕಟ್ಟಿದ್ದು. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರರ ಜೊತೆಗಾರ ಮೆಲಾಂಕ್ಟನ್ ತರುಣರಾಗಿದ್ದಾಗ ಇಲ್ಲಿ ಪಾಠ ಮಾಡಿದ್ದರು. ಆಮೇಲೆ ಇದೇ ಕಟ್ಟಡ ಆಸ್ಪತ್ರೆಯಾಯಿತು, ಹೋಲ್ಡರ್ಲಿನ್‌ರನ್ನು ಇಟ್ಟಿದ್ದು ಇಲ್ಲೇ. ಈಗ ಒಳಗೆ ತತ್ತ್ವಶಾಸ್ತ್ರದ ಪಾಠ ನಡೆಯುತ್ತದೆ.

ಒಂದೇ ಕೋಣೆಯ ಮೂವರು, ಮಂಗಳೂರಿಗೆ ಬಂದ ಇಬ್ಬರು

ಬುರ್ಸೆಯಿಂದ ಕೋಟೆಯ ಕಡೆ ನಡೆದರೆ 'ಎವಾಂಗೆಲಿಶೆಸ್ ಷ್ಟಿಫ್ಟ್' ಸಿಗುತ್ತದೆ. ಪ್ರೊಟೆಸ್ಟೆಂಟ್ ಪಾದ್ರಿಗಳನ್ನು ತಯಾರು ಮಾಡಲು 1536ರಲ್ಲಿ ಊಲ್ರಿಶ್ ದೊರೆ ಶುರುಮಾಡಿದ ಸಂಸ್ಥೆ. ಮೊದಲು ಅಗಸ್ಟೀನಿಯನ್ ಸನ್ಯಾಸಿಗಳ ಮಠವಾಗಿದ್ದ ಕಟ್ಟಡಕ್ಕೆ 1547ರಲ್ಲಿ ಬಂತು. ಬಡವರ ಮನೆಯ ಬುದ್ಧಿವಂತ ಹುಡುಗರಿಗೆ ಊಟ, ವಸತಿ, ಓದು ಎಲ್ಲ ದೊರೆಯ ಖರ್ಚಿನಲ್ಲಿ. ನಮ್ಮ ಕಡೆ ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿ ಮೇಲೆ ಬಂದವರಿಗೆ ಇದರ ಬೆಲೆ ಥಟ್ಟನೆ ಗೊತ್ತಾಗುತ್ತದೆ.

ಹಾಗೆ ಬಂದ ಒಬ್ಬ ಹುಡುಗ ಯೊಹಾನೆಸ್ ಕೆಪ್ಲರ್. 1589ರಿಂದ 1594ರವರೆಗೆ ಇಲ್ಲಿದ್ದರು. ಗುರು ಮಿಶಾಯೆಲ್ ಮೆಸ್ಟ್ಲಿನ್ ತರಗತಿಯಲ್ಲಿ ಭೂಮಿಯೇ ನಡುವಿನಲ್ಲಿರುವ ಹಳೆಯ ಲೆಕ್ಕವನ್ನು ಹೇಳಿಕೊಡುತ್ತಿದ್ದರು. ಆದರೆ ಆಯ್ದ ಶಿಷ್ಯರಿಗೆ, ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ಕೊಪರ್ನಿಕಸನ ವಿಚಾರವನ್ನು ತಿಳಿಸುತ್ತಿದ್ದರು. ಪಾದ್ರಿಯಾಗಲು ಬಂದ ಹುಡುಗ ಗಣಿತದ ಮೇಷ್ಟ್ರಾಗಿ ಹೊರಟು, ಮುಂದೆ ಗ್ರಹಗಳ ಹಾದಿ ದೀರ್ಘವೃತ್ತ ಎಂಬುದನ್ನು ಕಂಡುಹಿಡಿದರು.

ಇನ್ನೂರು ವರ್ಷ ಕಳೆದು, 1790ರ ಸುಮಾರಿಗೆ, ಇಲ್ಲಿನ ಒಂದೇ ಕೋಣೆಯಲ್ಲಿ ಮೂವರು ಹುಡುಗರಿದ್ದರು. ಹೋಲ್ಡರ್ಲಿನ್, ಹೆಗೆಲ್, ಶೆಲ್ಲಿಂಗ್. ಒಬ್ಬರು ಕವಿ, ಇಬ್ಬರು ಯುರೋಪಿನ ತತ್ತ್ವಚಿಂತನೆಯ ದಿಕ್ಕನ್ನೇ ಬದಲಿಸಿದವರು. ಫ್ರಾನ್ಸಿನ ಕ್ರಾಂತಿಯ ಸುದ್ದಿ ಬರುತ್ತಿದ್ದ ದಿನಗಳು ಅವು. ಮೂವರೂ ಪಾದ್ರಿಗಳಾಗಲಿಲ್ಲ.

ಕನ್ನಡದ ಎಳೆ ಶುರುವಾಗುವುದು ಇಲ್ಲಿಂದ. ಹರ್ಮನ್ ಮೊಗ್ಲಿಂಗ್ ಮತ್ತು ಹರ್ಮನ್ ಗುಂಡರ್ಟ್ ಇಬ್ಬರೂ 1830ರ ಆಸುಪಾಸು ಟ್ಯೂಬಿಂಗೆನ್ನಿನಲ್ಲಿ ದೇವಶಾಸ್ತ್ರ ಓದಿದವರು. ಮೊಗ್ಲಿಂಗ್ 1836ರಲ್ಲಿ ಬಾಸೆಲ್ ಮಿಷನ್ ಪರವಾಗಿ ಮಂಗಳೂರಿಗೆ ಬಂದರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮುದ್ರಿಸಿದ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಈ ತಾರೀಖನ್ನು ಮೇಲಿನದರ ಪಕ್ಕದಲ್ಲಿಟ್ಟು ನೋಡಿ. ಹೋಲ್ಡರ್ಲಿನ್ ತೀರಿಕೊಂಡ ಇಪ್ಪತ್ನಾಲ್ಕನೆಯ ದಿನಕ್ಕೆ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಬಂದಿದೆ. ಮೊಗ್ಲಿಂಗ್ ಇಲ್ಲಿ ಓದುತ್ತಿದ್ದಷ್ಟು ವರ್ಷವೂ ಆ ಕವಿ ಕೆಲವೇ ನಿಮಿಷದ ದೂರದ ಗೋಪುರದಲ್ಲಿದ್ದರು. ಇವೆರಡು ಸಂಗತಿಗಳಿಗೆ ಒಂದಕ್ಕೊಂದು ನಂಟಿಲ್ಲ, ನಿಜ. ಆದರೂ ಆ ಓಣಿಯಲ್ಲಿ ನಡೆಯುವಾಗ ನನಗೆ ಎರಡೂ ಒಟ್ಟಿಗೇ ನೆನಪಾಗುತ್ತವೆ.

ಮೊಗ್ಲಿಂಗ್ ಪತ್ರಿಕೆಗೇ ನಿಲ್ಲಲಿಲ್ಲ. ಓಲೆಗರಿ, ಕಡತಗಳಲ್ಲಿದ್ದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಅಚ್ಚಿಗೆ ತಂದರು. ಅದನ್ನು ಮೆಚ್ಚಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡದ ಕೆಲಸಕ್ಕೆ ಯುರೋಪಿನ ಒಂದು ವಿಶ್ವವಿದ್ಯಾಲಯ ಕೊಟ್ಟ ಮನ್ನಣೆ ಅದು. ಅವರು ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನು ಮರೆಮಾಚಬೇಕಿಲ್ಲ. ಆದರೆ ಪುರಂದರದಾಸರ ಪದಗಳನ್ನು ಮೊದಲು ಅಚ್ಚುಮೊಳೆಗೆ ಹತ್ತಿಸಿದವರ ಸಾಲಿನಲ್ಲಿ ಅವರಿದ್ದಾರೆ ಎಂಬುದೂ ಅಷ್ಟೇ ಸತ್ಯ.

ಕೋಟೆಯ ಅಡುಗೆಮನೆ

ಇಲ್ಲಿಂದ ಏರು ದಾರಿ. ಕಲ್ಲುಗಳು ನುಣುಪಾಗಿವೆ, ಮಳೆ ಬಂದರೆ ಜಾರುತ್ತವೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ನಿಧಾನಕ್ಕೆ, ಅಲ್ಲಲ್ಲಿ ಕೂರಿಸಿಕೊಂಡು ಹೋಗಿ.

ಹೋಹೆನ್‌ಟ್ಯೂಬಿಂಗೆನ್ ಕೋಟೆಯ ಹೆಸರು ದಾಖಲೆಯಲ್ಲಿ ಮೊದಲು ಬರುವುದು 1078ರಲ್ಲಿ. 1342ರಲ್ಲಿ ಹಳೆಯ ಒಡೆಯರು ಊರನ್ನು ವ್ಯುರ್ಟೆಂಬರ್ಗಿನ ದೊರೆಗಳಿಗೆ ಮಾರಿದರು. ಈಗಿರುವ ಕಟ್ಟಡದ ಬಹುಭಾಗ ಹದಿನಾರನೆಯ ಶತಮಾನದ್ದು. ಹೊರಬಾಗಿಲು ಮಾತ್ರ 1606-07ರದು, ಹೈನ್‌ರಿಶ್ ಷಿಕ್‌ಹಾರ್ಟ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ. ವಿಜಯೋತ್ಸವದ ಕಮಾನಿನ ಹಾಗೆ ಕೆತ್ತನೆ ತುಂಬಿಕೊಂಡಿದೆ. ಇಂಗ್ಲೆಂಡಿನ ಗಾರ್ಟರ್ ಪದವಿ ತನಗೆ ಸಿಕ್ಕ ಹೆಮ್ಮೆಯನ್ನು ದೊರೆ ಅಲ್ಲಿ ಕಲ್ಲಿನಲ್ಲೇ ಕೊರೆಸಿದ್ದಾನೆ.

ಈ ಕೋಟೆಯಲ್ಲಿ ನೋಡಲೇಬೇಕಾದ ಜಾಗ ಅಡುಗೆಮನೆ. ದೊರೆಗಳು ಬಿಟ್ಟುಹೋದ ಕೋಟೆ ಹತ್ತೊಂಬತ್ತನೆಯ ಶತಮಾನದಲ್ಲಿ ವಿಶ್ವವಿದ್ಯಾಲಯದ ಕೈಗೆ ಬಂದಿತ್ತು. ಕಮಾನು ಚಾವಣಿಯ ಹಳೆಯ ಅಡುಗೆಮನೆ ರಸಾಯನಶಾಸ್ತ್ರದ ಪ್ರಯೋಗಾಲಯವಾಯಿತು. ಬೆಂಕಿ, ನೀರು, ಹೊಗೆಗಂಡಿ ಮೊದಲೇ ಇದ್ದ ಜಾಗ, ಅದಕ್ಕಿಂತ ಅನುಕೂಲ ಇನ್ನೇನು ಬೇಕು? ಇಲ್ಲಿನ ಪ್ರೊಫೆಸರ್ ಫೆಲಿಕ್ಸ್ ಹೋಪೆ-ಜೈಲರ್ ರಕ್ತದ ಕೆಂಪು ವಸ್ತುವನ್ನು ಅಭ್ಯಾಸ ಮಾಡಿ 1864ರಲ್ಲಿ ಅದಕ್ಕೆ 'ಹಿಮೋಗ್ಲೋಬಿನ್' ಎಂಬ ಹೆಸರಿಟ್ಟರು. ನಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಬರುವ ಆ ಪದ ಹುಟ್ಟಿದ್ದು ಈ ಕೋಟೆಯಲ್ಲಿ.

ಅವರ ಹತ್ತಿರ ಬಾಸೆಲ್‌ನಿಂದ ಫ್ರೀಡ್ರಿಶ್ ಮೀಷರ್ ಎಂಬ ತರುಣ ವೈದ್ಯರು ಕಲಿಯಲು ಬಂದರು. ಜೀವಕೋಶ ಯಾವ ವಸ್ತುಗಳಿಂದ ಆಗಿದೆ ಎಂದು ತಿಳಿಯುವ ಆಸೆ. ಅದಕ್ಕೆ ಬಿಡಿಬಿಡಿಯಾದ ಕೋಶಗಳು ಬೇಕು, ರಾಶಿಗಟ್ಟಲೆ ಬೇಕು. ಹಾಗೆ ಸಿಗುವುದು ಕೀವಿನಲ್ಲಿ, ಏಕೆಂದರೆ ಕೀವೆಂದರೆ ಬಹುಪಾಲು ಬಿಳಿ ರಕ್ತಕಣಗಳೇ. ಊರಿನ ಶಸ್ತ್ರಚಿಕಿತ್ಸೆಯ ಆಸ್ಪತ್ರೆಯಿಂದ ದಿನವೂ ಕೀವು ಹತ್ತಿದ ಬ್ಯಾಂಡೇಜುಗಳನ್ನು ತರಿಸಿಕೊಂಡರು. ಉಪ್ಪಿನ ದ್ರಾವಣದಲ್ಲಿ ಅದ್ದಿ, ಕೋಶಗಳನ್ನು ಹಿಂಡಿ ಬೇರ್ಪಡಿಸಿದರು. ಹಂದಿಯ ಜಠರದಿಂದ ತೆಗೆದ ಜೀರ್ಣರಸವನ್ನು ಅದಕ್ಕೆ ಸೇರಿಸಿದರು. ಪ್ರೋಟೀನ್ ಆಗಿದ್ದರೆ ಆ ರಸದಲ್ಲಿ ಕರಗಿಹೋಗಬೇಕು. ಕರಗದೆ ಉಳಿದದ್ದು ಕೋಶದ ನಡುವಿನ ಬೀಜ, ಅಂದರೆ ನ್ಯೂಕ್ಲಿಯಸ್. ಅದರಿಂದ ಬೆಳ್ಳಗಿನ ಒಂದು ವಸ್ತು ಸಿಕ್ಕಿತು. ಅದರಲ್ಲಿ ರಂಜಕ, ಅಂದರೆ ಫಾಸ್ಫರಸ್, ಬಹಳವಿತ್ತು, ಗೊತ್ತಿದ್ದ ಯಾವ ಪ್ರೋಟೀನಿನ ಹಾಗೂ ಇರಲಿಲ್ಲ. ಮೀಷರ್ ಅದನ್ನು 'ನ್ಯೂಕ್ಲಿಯಿನ್' ಎಂದು ಕರೆದರು.

ಅದು 1869. ನಾವು ಈಗ ಡಿಎನ್‌ಎ ಎನ್ನುವ ವಸ್ತು ಮೊದಲ ಬಾರಿಗೆ ಮನುಷ್ಯನ ಕೈಗೆ ಸಿಕ್ಕದ್ದು ಹೀಗೆ, ಯಾರದೋ ಹುಣ್ಣಿನ ಬಟ್ಟೆಯಿಂದ. ಗುರುಗಳಿಗೆ ನಂಬಿಕೆ ಬರಲಿಲ್ಲ. ಶಿಷ್ಯನ ಪ್ರಯೋಗವನ್ನು ತಾವೇ ಮತ್ತೆ ಮಾಡಿ ನೋಡಿದರು. ಖಾತ್ರಿಯಾದ ಮೇಲೆಯೇ, 1871ರಲ್ಲಿ, ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡು ವರ್ಷ ತಡವಾಯಿತು, ಆದರೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ವಂಶಗುಣ ಹೊತ್ತು ತರುವುದು ಇದೇ ವಸ್ತು ಎಂದು ಜಗತ್ತಿಗೆ ತಿಳಿಯಲು ಇನ್ನೂ ಎಪ್ಪತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅಡುಗೆಮನೆಯಲ್ಲಿ ಈಗ ಅದರ ಕತೆ ಹೇಳುವ ಪ್ರದರ್ಶನವಿದೆ. ಮುಂದೆ ಮೀಷರ್ ಸಾಲ್ಮನ್ ಮೀನಿನ ವೀರ್ಯದಿಂದ ತೆಗೆದ ನ್ಯೂಕ್ಲಿಯಿನ್ ಇರುವ ಗಾಜಿನ ನಳಿಕೆಯೂ ಈ ವಿಶ್ವವಿದ್ಯಾಲಯದಲ್ಲೇ ಉಳಿದುಬಂದಿದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಇಲ್ಲಿ ಅವಸರ ಮಾಡಬೇಡಿ.

ಕೋಟೆಯ ಉಳಿದ ಕೋಣೆಗಳಲ್ಲಿ ವಿಶ್ವವಿದ್ಯಾಲಯದ ಪುರಾತನ ವಸ್ತುಗಳ ಸಂಗ್ರಹವಿದೆ. ಈಜಿಪ್ಟಿನ ಒಂದು ಸಮಾಧಿ ಕೋಣೆಯ ಕೆತ್ತನೆಯ ಗೋಡೆಗಳನ್ನೂ ನೋಡಬಹುದು. ಅಲ್ಲಿ ಹುಡುಕಿ ನೋಡಬೇಕಾದದ್ದು ಹೆಬ್ಬೆರಳಿಗಿಂತ ಕೊಂಚ ಕಡಿಮೆ ಉದ್ದದ, 4.8 ಸೆಂಟಿಮೀಟರಿನ ಒಂದು ಕುದುರೆ. ಸ್ವಾಬಿಯನ್ ಆಲ್ಬ್ ಗುಡ್ಡಸೀಮೆಯ ಫೋಗಲ್‌ಹೆರ್ಡ್ ಗುಹೆಯಲ್ಲಿ 1931ರಲ್ಲಿ ಸಿಕ್ಕಿತು. ಮ್ಯಾಮತ್ ದಂತದಲ್ಲಿ ಕೆತ್ತಿದ್ದು, ವಯಸ್ಸು 35ರಿಂದ 40 ಸಾವಿರ ವರ್ಷ. ಕೊರಳಿನ ಬಾಗು ನೋಡಿದರೆ, ಅದನ್ನು ಕೆತ್ತಿದವರು ಕುದುರೆಯನ್ನು ಎಷ್ಟು ಹೊತ್ತು ನೋಡಿರಬೇಕು ಎನ್ನಿಸುತ್ತದೆ. ಆ ಪ್ರದೇಶದ ಗುಹೆಗಳು 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸೋಮವಾರ, ಮಂಗಳವಾರ ತಪ್ಪಿಸಿ ಬನ್ನಿ, ಇಂಥ ಊರುಗಳಲ್ಲಿ ವಾರದ ಮೊದಲ ದಿನಗಳಲ್ಲಿ ಮ್ಯೂಸಿಯಂಗಳಿಗೆ ಬೀಗ ಬಿದ್ದಿರುವುದೇ ಹೆಚ್ಚು.

ರಾಹು ಕೇತು ತೋರಿಸುವ ಗಡಿಯಾರ

ಕೋಟೆಯಿಂದ ಇಳಿದರೆ ಮಾರುಕಟ್ಟೆ ಚೌಕ. ಮಧ್ಯದಲ್ಲಿ ನೆಪ್ಚೂನ್ ಕಾರಂಜಿ, ಮೇಲುಭಾಗದಲ್ಲಿ 1435ರ ರಾಟ್‌ಹೌಸ್, ಅಂದರೆ ನಗರಸಭೆಯ ಕಟ್ಟಡ. ಮುಂಗೋಡೆಯ ಚಿತ್ರಗಳು ಅಷ್ಟು ಹಳೆಯವಲ್ಲ, ವಿಶ್ವವಿದ್ಯಾಲಯಕ್ಕೆ 400 ತುಂಬಿದಾಗ, 1877ರಲ್ಲಿ, ಬರೆಸಿದ್ದು. ಅದರ ನಡುವಿರುವ ಗಡಿಯಾರವನ್ನು ಮಾತ್ರ ಗಮನವಿಟ್ಟು ನೋಡಿ. ಗಣಿತದ ಪ್ರೊಫೆಸರ್ ಯೊಹಾನೆಸ್ ಷ್ಟೋಫ್ಲರ್ 1511ರಲ್ಲಿ ಮಾಡಿದ ಖಗೋಳ ಗಡಿಯಾರ ಅದು.

ಅದರಲ್ಲಿ ಸೂರ್ಯನಿಗೊಂದು ಮುಳ್ಳು, ಚಂದ್ರನಿಗೊಂದು ಮುಳ್ಳು, ಜೊತೆಗೆ ಡ್ರ್ಯಾಗನ್ನಿನ ಆಕಾರದ ಮತ್ತೊಂದು ಮುಳ್ಳು ಇದೆ. ಸುತ್ತಲೂ ಹನ್ನೆರಡು ರಾಶಿಗಳು. ಡ್ರ್ಯಾಗನ್ ಯಾಕೆ ಎಂದು ಯುರೋಪಿನವರಿಗೆ ಬಿಡಿಸಿ ಹೇಳಬೇಕು, ಪಂಚಾಂಗ ನೋಡುವ ಮನೆಯಲ್ಲಿ ಬೆಳೆದವರಿಗೆ ಒಂದೇ ಮಾತು ಸಾಕು. ಅದು ರಾಹು ಕೇತು.

ಲೆಕ್ಕ ಹೀಗಿದೆ. ಆಕಾಶದಲ್ಲಿ ಸೂರ್ಯ ಸಾಗುವ ಹಾದಿಗೆ ಚಂದ್ರನ ಹಾದಿ ಸುಮಾರು 5 ಡಿಗ್ರಿ ಓರೆಯಾಗಿದೆ. ಹಾಗಾಗಿ ಎರಡೂ ಹಾದಿಗಳು ಎದುರುಬದುರಾದ ಎರಡು ಬಿಂದುಗಳಲ್ಲಿ ಮಾತ್ರ ಒಂದನ್ನೊಂದು ದಾಟುತ್ತವೆ. ಹುಣ್ಣಿಮೆಯೋ ಅಮಾವಾಸ್ಯೆಯೋ ಆ ಬಿಂದುಗಳ ಹತ್ತಿರ ಬಂದಾಗ ಗ್ರಹಣ, ದೂರ ಬಂದರೆ ಇಲ್ಲ. ಪ್ರತಿ ತಿಂಗಳೂ ಗ್ರಹಣ ಆಗದಿರುವುದು ಇದಕ್ಕೇ. ಆ ಎರಡು ಬಿಂದುಗಳನ್ನು ನಮ್ಮವರು ರಾಹು, ಕೇತು ಎಂದರು, ಒಂದು ತಲೆ, ಇನ್ನೊಂದು ಮುಂಡ. ಯುರೋಪಿನವರು ಡ್ರ್ಯಾಗನ್ನಿನ ತಲೆ, ಡ್ರ್ಯಾಗನ್ನಿನ ಬಾಲ ಎಂದರು. ಆ ಬಿಂದುಗಳೂ ನಿಂತಲ್ಲಿ ನಿಲ್ಲುವುದಿಲ್ಲ, ಹಿಂದುಹಿಂದಕ್ಕೆ ಸರಿಯುತ್ತ ಸುಮಾರು 18.6 ವರ್ಷಕ್ಕೆ ಒಂದು ಸುತ್ತು ಬರುತ್ತವೆ. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಒಂದೂವರೆ ವರ್ಷ ಚಿಲ್ಲರೆ. ರಾಹು ಒಂದು ರಾಶಿಯಲ್ಲಿ ಒಂದೂವರೆ ವರ್ಷ ಇರುತ್ತಾನೆ ಎಂದು ಅಜ್ಜ ಹೇಳುತ್ತಿದ್ದದ್ದು ಇದನ್ನೇ. ಡ್ರ್ಯಾಗನ್ ಮುಳ್ಳು ಸುತ್ತುವುದೂ ಅದೇ ಲೆಕ್ಕದಲ್ಲಿ. ಸೂರ್ಯ, ಚಂದ್ರ, ಡ್ರ್ಯಾಗನ್ ಮೂರೂ ಮುಳ್ಳು ಒಂದೇ ಗೆರೆಗೆ ಬಂದವೆಂದರೆ ಗ್ರಹಣದ ಕಾಲ. ಮೊದಲ ಸಲ ಇದು ಅರ್ಥವಾದಾಗ ಚೌಕದ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡಿದ್ದೆ.

ಲೆಕ್ಕದ ಮಾತು ಬಂದಾಗ ಮತ್ತೊಬ್ಬರನ್ನು ನೆನೆಯಬೇಕು. ವಿಲ್‌ಹೆಲ್ಮ್ ಷಿಕಾರ್ಡ್ ಇಲ್ಲಿ ಹೀಬ್ರೂ ಕಲಿಸುತ್ತಿದ್ದ ಪ್ರೊಫೆಸರ್, ಆಮೇಲೆ ಖಗೋಳಶಾಸ್ತ್ರವನ್ನೂ ಕಲಿಸಿದರು. ಹಲ್ಲುಚಕ್ರಗಳಿಂದ ತಾನೇ ಕೂಡುವ, ಕಳೆಯುವ ಯಂತ್ರವೊಂದನ್ನು ಮಾಡಿದ್ದೇನೆ ಎಂದು 1623ರಲ್ಲಿ ಕೆಪ್ಲರ್‌ಗೆ ಕಾಗದ ಬರೆದರು. ಕೆಪ್ಲರ್‌ಗಾಗಿಯೇ ಮಾಡಿಸುತ್ತಿದ್ದ ಯಂತ್ರ ಅರ್ಧ ಆಗಿದ್ದಾಗಲೇ ಬೆಂಕಿಯಲ್ಲಿ ಸುಟ್ಟುಹೋಯಿತು. ಷಿಕಾರ್ಡ್ 1635ರಲ್ಲಿ ಪ್ಲೇಗಿಗೆ ಬಲಿಯಾದರು. ಮುನ್ನೂರು ವರ್ಷ ದಾಟಿದ ಮೇಲೆ ಅವರ ಕಾಗದ, ಚಿತ್ರಗಳು ಸಿಕ್ಕವು. ಇದೇ ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಅವನ್ನು ಹಿಡಿದು ಯಂತ್ರವನ್ನು ಮತ್ತೆ ಕಟ್ಟಿದರು. ಅದು ಓಡಿತು.

ಪಕ್ಕದ ಚೌಕದಲ್ಲಿ ಸಂತ ಜಾರ್ಜರ ಹೆಸರಿನ ದೊಡ್ಡ ಚರ್ಚು, ಷ್ಟಿಫ್ಟ್ಸ್‌ಕಿರ್ಷೆ. 1470ರಲ್ಲಿ ಕಟ್ಟಲು ಶುರುಮಾಡಿದರು. ಒಳಗಿನ ಗರ್ಭಭಾಗದಲ್ಲಿ ಎಬರ್‌ಹಾರ್ಟ್ ಸೇರಿದಂತೆ ದೊರೆಮನೆತನದವರ ಸಮಾಧಿಗಳಿವೆ, ಮೇಲೆ ಅವರ ಮಲಗಿದ ಕಲ್ಲುಮೂರ್ತಿಗಳು. ಹೊರಗೆ ಉತ್ತರದ ಗೋಡೆಗೆ ಬಂದು ಕಿಟಕಿಗಳನ್ನು ನೋಡಿ. ಒಂದು ಕಿಟಕಿಯ ಕಲ್ಲಿನ ಜಾಲರಿಯೇ ಚಕ್ರ, ಅದರಲ್ಲಿ ಕೈಕಾಲು ಸಿಕ್ಕಿಸಿದ ಮನುಷ್ಯ. ಸಂತ ಜಾರ್ಜರಿಗೆ ಕೊಟ್ಟ ಚಿತ್ರಹಿಂಸೆ ಅದು. ಊರಿನವರು ತಪ್ಪಿಲ್ಲದೆ ಶಿಕ್ಷೆಗೊಳಗಾದ ಒಬ್ಬ ಹುಡುಗನ ಕತೆಯನ್ನೂ ಅದಕ್ಕೆ ಹೊಸೆದಿದ್ದಾರೆ. ಚರ್ಚಿನ ಗೋಪುರ ಹತ್ತಿದರೆ ಊರಿನ ಕೆಂಪು ಹೆಂಚುಗಳೆಲ್ಲ ಕಾಲಡಿಗೆ ಬರುತ್ತವೆ.

ಚರ್ಚಿನ ಎದುರಿಗೇ ಹೆಕೆನ್‌ಹಾವರ್ ಪುಸ್ತಕದಂಗಡಿ. 1895ರಲ್ಲಿ ಹದಿನೆಂಟರ ಹುಡುಗನೊಬ್ಬ ಕೆಲಸ ಕಲಿಯಲು ಇಲ್ಲಿ ಸೇರಿಕೊಂಡ. ಅವನೇ ಹರ್ಮನ್ ಹೆಸ್ಸೆ, ಮುಂದೆ ನೊಬೆಲ್ ಪಡೆದ ಲೇಖಕ. ನಾಲ್ಕು ವರ್ಷ ಈ ಊರಿನಲ್ಲಿದ್ದ. ಅವನ ತಾಯಿ ಮರೀ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ, ತಾಯಿಯ ತಂದೆಯೇ ಮೇಲೆ ಹೇಳಿದ ಗುಂಡರ್ಟ್, ಮಲಯಾಳದ ನಿಘಂಟು ಬರೆದವರು. ಭಾರತ ಹೆಸ್ಸೆಗೆ ಪುಸ್ತಕದಿಂದ ಬಂದದ್ದಲ್ಲ, ಅಜ್ಜನ ಮನೆಯಿಂದ ಬಂದದ್ದು.

ಹಳೇ ಊರಿನ ಆಚೆ

ಹೆಚ್ಚಿನವರು ಇಲ್ಲಿಗೆ ಸಾಕುಮಾಡಿ ಐಸ್‌ಕ್ರೀಮ್ ತಿಂದು ರೈಲು ಹತ್ತುತ್ತಾರೆ. ಇನ್ನೂ ಒಂದೆರಡು ಗಂಟೆ ಕೊಡುವುದಾದರೆ ಎರಡು ಕಡೆ ಹೋಗಿ.

ಮೊದಲನೆಯದು ಊರಿನ ಹಳೆಯ ಸ್ಮಶಾನ. ಹೋಲ್ಡರ್ಲಿನ್ ಸಮಾಧಿ ಅಲ್ಲಿದೆ, ಊಲಾಂಡರದೂ ಇದೆ. ಅದೇ ಸ್ಮಶಾನದಲ್ಲಿ 'ಗ್ರೇಬರ್‌ಫೆಲ್ಡ್ ಎಕ್ಸ್' ಎಂಬ ಒಂದು ತುಣುಕು ನೆಲವಿದೆ. ನಾತ್ಸಿ ಕಾಲದಲ್ಲಿ ಗಲ್ಲಿಗೇರಿಸಿದವರು, ಸೆರೆಯಾಳುಗಳು, ಬಲವಂತದ ದುಡಿಮೆಗೆ ಹಿಡಿದು ತಂದವರು ಸತ್ತರೆ ದೇಹಗಳನ್ನು ವಿಶ್ವವಿದ್ಯಾಲಯದ ಅಂಗರಚನಾ ವಿಭಾಗಕ್ಕೆ ಕೊಡುತ್ತಿದ್ದರು. ವಿದ್ಯಾರ್ಥಿಗಳು ಆ ದೇಹಗಳನ್ನು ಕೊಯ್ದು ಕಲಿಯುತ್ತಿದ್ದರು. ಉಳಿದದ್ದನ್ನು ಇಲ್ಲಿ ಹೂಳುತ್ತಿದ್ದರು. ಈಗ ಫಲಕಗಳ ಮೇಲೆ ಅವರ ಹೆಸರುಗಳಿವೆ. ನ್ಯೂಕ್ಲಿಯಿನ್ ಕಂಡುಹಿಡಿದ ವಿಶ್ವವಿದ್ಯಾಲಯವೂ ಇದೇ, ಈ ನೆಲಕ್ಕೆ ಉತ್ತರ ಹೇಳಬೇಕಾದದ್ದೂ ಇದೇ. 1938ರ ನವೆಂಬರಿನಲ್ಲಿ ಸುಟ್ಟುಹಾಕಿದ ಯಹೂದಿ ಪ್ರಾರ್ಥನಾ ಮಂದಿರದ ಜಾಗದಲ್ಲೂ, ಗಾರ್ಟನ್‌ಸ್ಟ್ರಾಸೆಯಲ್ಲಿ, ಒಂದು ಸ್ಮಾರಕವಿದೆ. ಮಕ್ಕಳು ಕೇಳಿದರೆ ಮರೆಸದೆ ಹೇಳಿ.

ಎರಡನೆಯದು ವಿಲ್‌ಹೆಲ್ಮ್‌ಸ್ಟ್ರಾಸೆಯಲ್ಲಿರುವ ವಿಶ್ವವಿದ್ಯಾಲಯದ ಗ್ರಂಥಾಲಯ, 1912ರ ಕಟ್ಟಡ. ನೋಡಲು ಸಾಧಾರಣ, ಪ್ರವಾಸಿಗರ ಪಟ್ಟಿಯಲ್ಲಿ ಬರುವುದೇ ಅಪರೂಪ. ಕನ್ನಡಿಗರು ಬರಬೇಕಾದ ಜಾಗ ಮಾತ್ರ ಇದು. ವೇದಗಳ ಅಧ್ಯಯನದಲ್ಲಿ ದೊಡ್ಡ ಹೆಸರಾದ ರುಡಾಲ್ಫ್ ರೋಟ್ ಈ ಊರಿನಲ್ಲಿ ಸಂಸ್ಕೃತದ ಪ್ರೊಫೆಸರಾಗಿದ್ದರು, ವಿಶ್ವವಿದ್ಯಾಲಯದ ಗ್ರಂಥಪಾಲಕರೂ ಆಗಿದ್ದರು. ಅವರು ತೀರಿಕೊಂಡ ಮರುವರ್ಷ, 1896ರಲ್ಲಿ, ಈ ವಿಶ್ವವಿದ್ಯಾಲಯ ಇನ್ನೊಬ್ಬ ನಿಘಂಟುಕಾರರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರೇ ಫರ್ಡಿನಾಂಡ್ ಕಿಟ್ಟೆಲ್.

ಕಿಟ್ಟೆಲ್ ಹುಟ್ಟಿದ್ದು ಜರ್ಮನಿಯ ಬಡಗಣ ಕಡಲ ಸೀಮೆಯಲ್ಲಿ, 1832ರಲ್ಲಿ. 1853ರಲ್ಲಿ ಭಾರತಕ್ಕೆ ಬಂದರು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಹಳಗನ್ನಡದ ಕಾವ್ಯದ ಪದವೂ ಅದರಲ್ಲಿದೆ, ಒಕ್ಕಲುತನದ ಮಾತೂ ಇದೆ, ಪದದ ಬಳಕೆ ತೋರಿಸಲು ಗಾದೆಗಳೂ ಇವೆ. ಆ ಕೆಲಸದಲ್ಲಿ ಕಣ್ಣು, ಮೈ ಎರಡೂ ಸೋತಿದ್ದವು. ಕೊನೆಯ ವರ್ಷಗಳನ್ನು ಅವರು ಕಳೆದದ್ದು ಈ ಟ್ಯೂಬಿಂಗೆನ್ನಿನಲ್ಲಿ. ಆಗಲೂ ಕೆಲಸ ಬಿಡಲಿಲ್ಲ. ಅವರ ಕನ್ನಡ ವ್ಯಾಕರಣ 1903ರಲ್ಲಿ ಹೊರಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಗುಂಡರ್ಟರು ಬಿಟ್ಟುಹೋದ ಓಲೆಗರಿ, ಕೈಬರಹ, ಹಳೆಯ ಅಚ್ಚಿನ ಪುಸ್ತಕಗಳನ್ನು ಈ ಗ್ರಂಥಾಲಯ ಜೋಪಾನ ಮಾಡಿದೆ. ಹೆಚ್ಚಿನವು ಮಲಯಾಳದವು, ಕನ್ನಡದವೂ ಇವೆ. ಎಲ್ಲವನ್ನೂ ಒಂದೊಂದೇ ಪುಟವಾಗಿ ಸ್ಕ್ಯಾನ್ ಮಾಡಿ 'ಗುಂಡರ್ಟ್ ಪೋರ್ಟಲ್' ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಹಣ ಕೊಡಬೇಕಿಲ್ಲ. ಟ್ಯೂಬಿಂಗೆನ್ನಿಗೆ ಹೋಗಲಾಗದವರು ಈ ಒಂದು ಕೋಣೆಯ ಬಾಗಿಲನ್ನು ಊರಿನಲ್ಲಿ ಕೂತೇ ತೆರೆಯಬಹುದು.